ಕೋಡಿಯ ಕೆಳಗಿನ ಮೀನು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಅಲಬಾಮಾ ರಾಜ್ಯದಿಂದ ಒಂದು ಚಿತ್ರ ಕಳುಹಿಸಿದ್ದ. ಟೆನೆಸೀ ನದಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಅಣೆಕಟ್ಟು, ಅದರ ಕೆಳಗೆ ಕಲ್ಲು ಜೋಡಿಸಿದ ದಡ, ದಡದ ಉದ್ದಕ್ಕೂ ಮಡಚುವ ಕುರ್ಚಿ ಹಾಕಿಕೊಂಡು ಗಾಳ ಬಿಟ್ಟು ಕುಳಿತ ಜನ. ಅವರ ನಡುವೆ ಈತನ ಹನ್ನೆರಡು ವರ್ಷದ ಮಗ ಮೀಸೆಯುಳ್ಳ ಒಂದು ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಗುತ್ತಿದ್ದಾನೆ. ಜೊತೆಗೆ ನಾಲ್ಕು ಸಾಲಿನ ಪತ್ರ: "ಸಾರ್, ಇಲ್ಲಿ ಅಣೆಕಟ್ಟಿನ ಕೆಳಗೆ ದಡದಲ್ಲಿ ಕುಳಿತು ಕ್ಯಾಟ್‌ಫಿಶ್ ಹಿಡಿಯುವುದು ತಲೆಮಾರುಗಳಿಂದ ಬಂದ ಹವ್ಯಾಸವಂತೆ. ನಮ್ಮ ಕೆ.ಆರ್. ಪುರದ ಕಡೆ ಅಣೆಕಟ್ಟೂ ಇರಲಿಲ್ಲ, ಇಂಥ ಹವ್ಯಾಸವೂ ಇರಲಿಲ್ಲ, ಅಲ್ಲವೇ?"

"ಹೌದಪ್ಪ, ಇರಲಿಲ್ಲ" ಎಂದು ಬರೆಯಲು ಹೊರಟವನು ಅರ್ಧಕ್ಕೇ ನಿಲ್ಲಿಸಿದೆ. ಆ ಉತ್ತರ ತಪ್ಪು. ಆತ ಓದಿದ ಶಾಲೆಯ ಹಿಂಬದಿಯಲ್ಲೇ ಒಂದು ಅಣೆಕಟ್ಟು ಇತ್ತು. ಅದರ ಕೆಳಗೆ ಮೀಸೆಯ ಮೀನು ಹಿಡಿಯುವವರೂ ಇದ್ದರು. ನಾವು ಅದನ್ನು ಅಣೆಕಟ್ಟು ಎಂದು ಕರೆಯುತ್ತಿರಲಿಲ್ಲ, ಕೆರೆಯ ಏರಿ ಎನ್ನುತ್ತಿದ್ದೆವು. ಇತಿಹಾಸದ ಮೇಷ್ಟ್ರನ್ನು ಪ್ರಶ್ನೆ ಕೇಳಿದರೆ ಒಂದು ಸಾಲಿನ ಉತ್ತರ ಬರುವುದಿಲ್ಲವೆಂಬುದು ನಿಮಗೆಲ್ಲ ಗೊತ್ತಿರುವ ಸಂಗತಿಯೇ. ಆದ್ದರಿಂದ ಈ ಬಾರಿ ಎಲ್ಲರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಬಹಳ ಕಾಲದಿಂದ ಹೇಳಬೇಕಾಗಿದ್ದ ಒಂದು ತಪ್ಪೊಪ್ಪಿಗೆಯೂ ಸೇರಿದೆ.

ಮೊದಲು ಊರಿನ ನೆಲವನ್ನು ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ದೊಡ್ಡ ನದಿ ಯಾವುದೂ ಊರೊಳಗೆ ಹರಿಯುವುದಿಲ್ಲ. ಬಿದ್ದ ಮಳೆ ಮೂರು ಕಣಿವೆಗಳ ಪಾಲಾಗಿ ಇಳಿದುಹೋಗುತ್ತದೆ: ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ. ಹೀಗೆ ಓಡುವ ನೀರನ್ನು ತಡೆದು ನಿಲ್ಲಿಸಿದರೆ ಮಾತ್ರ ಬೇಸಾಯ, ನಿಲ್ಲಿಸಿದರೆ ಮಾತ್ರ ಬದುಕು. ಈ ಸತ್ಯ ನಮ್ಮ ಹಿರಿಯರಿಗೆ ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು. ಅಗರದಲ್ಲಿರುವ ಒಂಬತ್ತನೆಯ ಶತಮಾನದ ಗಂಗರ ಕಾಲದ ಶಾಸನ ಕೆರೆಗಳಿಗೆ ತೂಬು ಇರಿಸಿದ ವಿಷಯವನ್ನು ಹೇಳುತ್ತದೆ. ಕಾಡುಗೋಡಿಯಲ್ಲಿ ದೊರೆತ, ಚೋಳರ ಕಾಲದ 1043ರ ಶಾಸನ ಪಟ್ಟಂದೂರು ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಇಂದು ಗಾಜಿನ ಕಟ್ಟಡಗಳು ಎದ್ದಿರುವ ವೈಟ್‌ಫೀಲ್ಡ್ ಸೀಮೆಯ ಮೊದಲ ಎಂಜಿನಿಯರುಗಳು ಅವರೇ.

ಕೆರೆಯೆಂದರೆ ಕೇವಲ ಒಂದು ಗುಂಡಿಯಲ್ಲ. ಅದಕ್ಕೆ ಮೂರು ಮುಖ್ಯ ಅಂಗಗಳು. ಕಣಿವೆಗೆ ಅಡ್ಡಲಾಗಿ ಹಾಕಿದ ಮಣ್ಣಿನ ಒಡ್ಡು ಏರಿ. ಏರಿಯ ಬುಡದಿಂದ ಗದ್ದೆಗೆ ನೀರು ಬಿಡುವ ಬಾಗಿಲು ತೂಬು. ಅದನ್ನು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರೆಂದು ಅಳೆದುಕೊಡುವವನು ನೀರುಗಂಟಿ. ಏರಿಯ ಒಂದು ತುದಿಯಲ್ಲಿ, ಏರಿಯ ನೆತ್ತಿಗಿಂತ ತಗ್ಗಾಗಿ ಕಲ್ಲಿನಿಂದ ಕಟ್ಟಿದ ಮಟ್ಟವೇ ಕೋಡಿ. ಕೆರೆ ತುಂಬಿದಾಗ ಹೆಚ್ಚಾದ ನೀರು ಏರಿಯನ್ನು ಒಡೆಯದೆ ಕೋಡಿಯ ಮೇಲಿಂದ ಹರಿದು, ಕೆಳಗಿನ ಕೆರೆಯ ಕಡೆಗೆ ಹೋಗುತ್ತದೆ. ಹಲಸೂರು ಕೆರೆಯ ಹೆಚ್ಚುವರಿ ನೀರು ದೊಮ್ಮಲೂರು, ಚಲ್ಲಘಟ್ಟದ ತಗ್ಗಿನಲ್ಲಿ ಹರಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಕೆ.ಆರ್. ಪುರದಾಚೆ ಹಳೆ ಮದ್ರಾಸ್ ರಸ್ತೆಯ ಬದಿಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ನೀರೂ ಸೇರುವುದು ಅದೇ ಪಿನಾಕಿನಿಯನ್ನು. ವೀಳ್ಯದೆಲೆಯ ವ್ಯಾಪಾರದಲ್ಲಿ ಗಳಿಸಿದ ಹಣದಿಂದ ಒಬ್ಬ ಶೆಟ್ಟರು ಕಟ್ಟಿಸಿದ ಕೆರೆ ಅದೆಂದು ಆ ಭಾಗದ ಜನರೆಲ್ಲರೂ ಹೇಳುತ್ತಾರೆ.

ಇನ್ನು ಮೀನಿನ ವಿಷಯ. ಒಡ್ಡಿನ ಕೆಳಗೇ ಮೀನು ಏಕೆ ಸೇರುತ್ತದೆ? ಟೆನೆಸೀ ನದಿಯಾದರೂ ನಮ್ಮ ಕೆರೆಯಾದರೂ ಕಾರಣ ಒಂದೇ. ಹೊಸ ನೀರು ಬಂದಾಗ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಮೇಲಕ್ಕೆ ಹೊರಡುತ್ತವೆ. ಒಡ್ಡು ಅಡ್ಡ ಬಂದಲ್ಲಿ ಮುಂದೆ ಹೋಗಲಾರದೆ ಗುಂಪುಗೂಡುತ್ತವೆ. ಮೇಲಿನಿಂದ ಧುಮುಕುವ ನೀರು ಗಾಳಿಯೊಡನೆ ಬೆರೆತು ಉಸಿರಾಟಕ್ಕೆ ಹಿತವಾಗಿರುತ್ತದೆ. ಆ ರಭಸಕ್ಕೆ ಸಿಕ್ಕಿ ತತ್ತರಿಸಿದ ಸಣ್ಣ ಮೀನು, ಹುಳುಹುಪ್ಪಟೆ ಸುಲಭದ ಆಹಾರವಾಗುತ್ತವೆ. ಈ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರುವುದು ಮೀಸೆಯ ಮೀನು. ಅದರ ಮೀಸೆ ಅಲಂಕಾರಕ್ಕಲ್ಲ, ರುಚಿ ನೋಡುವ ಅಂಗ. ಕಣ್ಣು ಕಾಣದ ಕದಡು ನೀರಿನಲ್ಲೂ ಅದು ಮೀಸೆಯಿಂದಲೇ ಆಹಾರವನ್ನು ತಡಕಿ ಹುಡುಕಬಲ್ಲದು.

ನಮ್ಮ ಕೆರೆಗಳ ಮೀಸೆ ಮೀನುಗಳಲ್ಲಿ ಹೆಸರಾದದ್ದು ಮುರುಗೋಡು. ಮೈಯಲ್ಲಿ ಹುರುಪೆಯಿಲ್ಲ, ಹಿಡಿದರೆ ಜಾರುತ್ತದೆ, ಪಕ್ಕದ ರೆಕ್ಕೆಯಲ್ಲಿ ಗಟ್ಟಿಯಾದ ಮುಳ್ಳಿದೆ. ಅದರ ಸೋದರಸಂಬಂಧಿ ಚೇಳು ಮೀನು. ಅದರ ಮುಳ್ಳು ಚುಚ್ಚಿದರೆ ಹೆಸರಿಗೆ ತಕ್ಕ ಉರಿ. ಎರಡಕ್ಕೂ ಒಂದು ವಿಶೇಷ ಶಕ್ತಿಯಿದೆ: ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವೂ ಇದೆ. ಆದ್ದರಿಂದ ಬೇಸಿಗೆಯಲ್ಲಿ ಕೆರೆ ಬತ್ತಿ ಕೆಸರಾದರೂ ಅವು ಬದುಕುತ್ತವೆ. ಮಳೆ ಬಿದ್ದ ರಾತ್ರಿ ಮುರುಗೋಡು ಒದ್ದೆ ಹುಲ್ಲಿನ ಮೇಲೆ ಮುಳ್ಳೂರಿಕೊಂಡು ತೆವಳುತ್ತ ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವುದೂ ಉಂಟು. 1960ರ ದಶಕದಲ್ಲಿ ಏಷ್ಯಾದಿಂದ ಒಯ್ದ ಇದೇ ಕುಲದ ಮೀನುಗಳು ಫ್ಲಾರಿಡಾದಲ್ಲಿ ತಪ್ಪಿಸಿಕೊಂಡು, ಅಲ್ಲಿನ ಜನ ರಸ್ತೆ ದಾಟುವ ಮೀನು ಕಂಡು ಬೆರಗಾದರು. ಅಲಬಾಮಾದ ನನ್ನ ಶಿಷ್ಯನಿಗೆ ಇದು ಸ್ವಾರಸ್ಯವೆನಿಸಬಹುದು.

ಗಾಳ ಹಾಕುವುದು ಹೊರಗಿನಿಂದ ಬಂದ ಹವ್ಯಾಸವೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವೇ ಇದೆ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದೇ ಗ್ರಂಥದ ಇನ್ನೊಂದು ಹೆಸರು. ಯಾವ ಮೀನು ಎಲ್ಲಿರುತ್ತದೆ, ಯಾವ ಮೀನಿಗೆ ಯಾವ ಆಹಾರ ಒಡ್ಡಿ ಪಳಗಿಸಬೇಕು, ಕೋಲು, ದಾರ, ಕೊಕ್ಕೆಗಳನ್ನು ಹೇಗೆ ಬಳಸಬೇಕು ಎಂಬುದನ್ನು ಆ ಅರಸ ವಿವರಿಸುತ್ತಾನೆ. ಮೀನುಗಳನ್ನು ಹುರುಪೆಯುಳ್ಳ ಶಲ್ಕಜ, ಬರಿಯ ಚರ್ಮದ ಚರ್ಮಜ ಎಂದು ವಿಂಗಡಿಸುತ್ತಾನೆ. ನಮ್ಮ ಮುರುಗೋಡು ಈ ಲೆಕ್ಕದಲ್ಲಿ ಚರ್ಮಜ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಪ್ರಬಂಧ ಬರೆದು ವಿಜ್ಞಾನಿಗಳ ಗಮನ ಸೆಳೆದರು. ನಾನು ಮೂವತ್ತೈದು ವರ್ಷ ಇತಿಹಾಸ ಬೋಧಿಸಿದವನು. ಚಾಲುಕ್ಯರ ಪಾಠದಲ್ಲಿ ಸೋಮೇಶ್ವರನಿಗೆ 'ಸರ್ವಜ್ಞ ಚಕ್ರವರ್ತಿ' ಎಂಬ ಬಿರುದಿತ್ತೆಂದು ನೂರಾರು ಸಲ ಬರೆಸಿದ್ದೇನೆ. ಆತ ಗಾಳ ಹಿಡಿಯುವುದನ್ನು ಬಲ್ಲವನಾಗಿದ್ದನೆಂದು ಒಂದು ಸಲವೂ ಹೇಳಲಿಲ್ಲ.

ಬ್ರಿಟಿಷರ ಕಾಲಕ್ಕೆ ಬರೋಣ. ಹಲಸೂರಿನ ಬಳಿ ದಂಡು ಪ್ರದೇಶ ರೂಪುಗೊಂಡದ್ದು 1809ರ ಸುಮಾರಿಗೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಹಿಂದಿರುಗಿದ ಮೇಲೂ ದಂಡು 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಕೆಂಪೇಗೌಡರ ವಂಶದವರ ಕಾಲದ್ದೆನ್ನಲಾದ ಹಲಸೂರು ಕೆರೆಯನ್ನು ಕಮಿಷನರ್ ಲೆವಿನ್ ಬೌರಿಂಗ್ ಅವರ ಆಡಳಿತದಲ್ಲಿ, ಅಂದರೆ 1862ರಿಂದ 1870ರ ನಡುವೆ, ಅಭಿವೃದ್ಧಿಪಡಿಸಲಾಯಿತು. ದಂಡಿನ ಜನ ಕುಡಿಯುತ್ತಿದ್ದ ನೀರಿನ ಆಸರೆಗಳಲ್ಲಿ ಅದೂ ಒಂದು. ಹೆಸರಘಟ್ಟದ ನೀರು 1890ರ ದಶಕದಲ್ಲಿ ಕೊಳವೆಯಲ್ಲಿ ಬರುವ ತನಕ ಕೆರೆಯೇ ಊರಿನ ಜೀವ.

ಆ ಕಾಲದ ಇಂಗ್ಲಿಷ್ ಅಧಿಕಾರಿಗಳಲ್ಲಿ ಮೀನಿನ ಹುಚ್ಚಿದ್ದವರು ಅನೇಕರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಪ್ರಕಟಿಸಿದರು. 1887ರಲ್ಲಿ ಅವರದೇ ಇನ್ನೊಂದು ಪುಸ್ತಕ ಬಂತು: 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ', ಎಂದರೆ ಕೆರೆಯಲ್ಲಿ ಗಾಳ ಹಾಕುವುದರ ಬಗ್ಗೆಯೇ ಒಂದು ಗ್ರಂಥ. ವೈದ್ಯರಾಗಿದ್ದು ಮುಂದೆ ಭಾರತದ ಮೀನುಗಾರಿಕೆಯ ಮುಖ್ಯ ತನಿಖಾಧಿಕಾರಿಯಾದ ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ 'ದಿ ಫಿಶಸ್ ಆಫ್ ಇಂಡಿಯಾ'ವನ್ನು ಕಂತುಗಳಲ್ಲಿ ಹೊರತಂದರು. ಕಾವೇರಿ, ಕೊಳ್ಳಿಡಂ ನದಿಗಳ ಅಣೆಕಟ್ಟುಗಳು ಮೇಲಕ್ಕೆ ಹೋಗುವ ಮೀನಿನ ದಾರಿಯನ್ನು ಕಡಿಯುತ್ತವೆಂದು ಆಗಲೇ ಎಚ್ಚರಿಸಿದವರೂ ಅವರೇ. ಒಡ್ಡಿನ ಕೆಳಗೆ ಮೀನು ಹೇರಳವಾಗಿ ಸಿಗುವುದು ಮೀನು ಹೆಚ್ಚಿದೆಯೆಂಬುದರ ಗುರುತಲ್ಲ. ಅದರ ದಾರಿ ಮುಚ್ಚಿದೆಯೆಂಬುದರ ಗುರುತು ಎಂಬ ಪಾಠ ಅದರಲ್ಲಿದೆ.

ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನಕ್ಕೆ ಕೂಗಳತೆಯ ದೂರದಲ್ಲಿ. ನಮ್ಮ ಮನೆಯಲ್ಲಿ ಮೀನು ಬೇಯುತ್ತಿರಲಿಲ್ಲ. ಸಂಜೆ ಕೆರೆಯ ಕಡೆ ಹೋದರೆ ಬಿದಿರು ಕೋಲು ಹಿಡಿದು ಕುಳಿತವರನ್ನು ದೂರ ನಿಂತು ನೋಡಬಹುದಿತ್ತು, ಹತ್ತಿರ ಹೋಗಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಆದರೂ ಹೋಗುತ್ತಿದ್ದೆ. ದಾರಕ್ಕೆ ಕಟ್ಟಿದ ಬೆಂಡು ಒಮ್ಮೆ ಅಲುಗಿ, ಮತ್ತೊಮ್ಮೆ ಅಲುಗಿ, ಇದ್ದಕ್ಕಿದ್ದಂತೆ ಮುಳುಗಿದಾಗ ಕೋಲು ಹಿಡಿದವನಿಗಿಂತ ಮೊದಲು ನನ್ನ ಎದೆ ಹಾರುತ್ತಿತ್ತು. ಎರೆಹುಳು ಒಂದು ತೆಂಗಿನ ಚಿಪ್ಪಿನಲ್ಲಿ, ಹಿಡಿದ ಮೀನು ತಗಡಿನ ಡಬ್ಬಿಯಲ್ಲಿ. ಅಲ್ಲಿ ಕುಳಿತವರಲ್ಲಿ ತಮಿಳು ಮಾತನಾಡುವವರು, ಉರ್ದು ಮಾತನಾಡುವವರು, ತಲೆಗೆ ಟೋಪಿ ಹಾಕಿದ ಆಂಗ್ಲೋ ಇಂಡಿಯನ್ ಹಿರಿಯರು ಎಲ್ಲರೂ ಇದ್ದರು. ಸಣ್ಣ ಮೀಸೆ ಮೀನಿಗೆ ತಮಿಳರು ಕೆಳುತ್ತಿ ಎನ್ನುವುದನ್ನು ಕಲಿತದ್ದು ಅಲ್ಲಿಯೇ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಮೀನಂಗಡಿಗಳ ಮುಂದೆ ಮೂಗು ಮುಚ್ಚಿಕೊಂಡು ನಡೆಯುತ್ತಿದ್ದ ಹುಡುಗ ಕೆರೆಯ ದಡದಲ್ಲಿ ಮಾತ್ರ ಮೂಗು ಮರೆಯುತ್ತಿದ್ದ.

ಮುಂದೆ ಬಿ.ಎಡ್. ಮುಗಿಸಿ ಕೆ.ಆರ್. ಪುರದ ಆಚೆಗಿನ ಒಂದು ಪ್ರೌಢಶಾಲೆಗೆ ಸೇರಿದೆ. ಶಾಲೆಯ ಹಿಂದೆ ಗದ್ದೆ, ಗದ್ದೆಯ ತಲೆಗೆ ಕೆರೆಯ ಏರಿ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಊರಿನ ಹುಡುಗರು ತೂಬಿನ ಕಾಲುವೆಯಲ್ಲಿ ಕೂಳಿ ಒಡ್ಡುತ್ತಿದ್ದರು. ಬಿದಿರಿನ ಸೀಳುಗಳಿಂದ ಹೆಣೆದ ಆ ಬುಟ್ಟಿಯಲ್ಲಿ ಒಳಗೆ ಹೋದ ಮೀನಿಗೆ ಹಿಂದಿರುಗುವ ದಾರಿಯಿಲ್ಲ. ಹಿಂಗಾರಿನಲ್ಲಿ ಕೆರೆ ತುಂಬಿ ಕೋಡಿ ಹೋಯಿತೆಂದರೆ ಅದು ಹಬ್ಬ. ಹೆಂಗಸರು ಗಂಗಮ್ಮನಿಗೆ ಬಾಗಿನ ಕೊಡಲು ಬರುವರು. ಗಂಡಸರು, ಮಕ್ಕಳು ಕೋಡಿಯ ಕೆಳಗೆ ಮೊಣಕಾಲುದ್ದದ ನೀರಿನಲ್ಲಿ ನಿಂತು, ಮೇಲೇರಲು ಹವಣಿಸುವ ಮೀನನ್ನು ಕೈಯಲ್ಲಿ, ಪಂಚೆಯಲ್ಲಿ, ಗಾಳದಲ್ಲಿ ಹಿಡಿಯುವರು.

ನಾನು ಹೇಳಬೇಕೆಂದ ಪ್ರಸಂಗ ನಡೆದದ್ದು ಅಂಥದೊಂದು ಅಕ್ಟೋಬರಿನಲ್ಲಿ, ನಾನು ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಎರಡನೆಯ ಪೀರಿಯಡ್ ಅರ್ಧವಾದ ಮೇಲೆ ಬಾಗಿಲಲ್ಲಿ ಬಂದು ನಿಂತ. ಚಡ್ಡಿ ಒದ್ದೆ, ಕಾಲಲ್ಲಿ ಕೆಸರು. ಏಕೆ ತಡವೆಂದು ಕೇಳಿದೆ. "ಕೆರೆ ಕೋಡಿ ಹೋಯ್ತು ಸಾರ್" ಎಂದ, ಅದಕ್ಕಿಂತ ದೊಡ್ಡ ಕಾರಣ ಬೇಕೇ ಎಂಬಂತೆ. ಅವನ ತಂದೆ ರಾತ್ರಿಯೆಲ್ಲ ಕೋಡಿಯ ಕೆಳಗಿದ್ದು ಹಿಡಿದ ಮೀನನ್ನು ಬೆಳಗಿನ ಜಾವ ಸಂತೆಗೆ ಸಾಗಿಸಿ ಬಂದಿದ್ದ. ನಾನು ಇಡೀ ತರಗತಿಗೆ ಕೇಳಿಸುವಂತೆ, "ಮೊದಲು ಆ ವಾಸನೆ ತೊಳೆದುಕೊಂಡು ಬಾ, ಅಲ್ಲಿಯತನಕ ಆಚೆಯೇ ನಿಲ್ಲು" ಎಂದೆ. ಮಕ್ಕಳೆಲ್ಲ ನಕ್ಕರು. ಹುಡುಗ ಪೀರಿಯಡ್ ಮುಗಿಯುವತನಕ ಆಚೆ ನಿಂತ.

ಅದೇ ತಿಂಗಳ ಕಿರುಪರೀಕ್ಷೆಯಲ್ಲಿ ವಿಜಯನಗರ ಕಾಲದ ನೀರಾವರಿಯ ಬಗ್ಗೆ ಐದು ಅಂಕದ ಪ್ರಶ್ನೆಯಿತ್ತು. ಪಠ್ಯಪುಸ್ತಕದಲ್ಲಿ ಇದ್ದುದು ಮೂರೇ ಸಾಲು. ಈ ಹುಡುಗ ಒಂದು ಪುಟ ಬರೆದಿದ್ದ. ಕೋಡಿಯ ಕಲ್ಲು ಏರಿಗಿಂತ ಎಷ್ಟು ತಗ್ಗಿರಬೇಕು, ಏಕೆ ತಗ್ಗಿರಬೇಕು, ಯಾರಾದರೂ ಹೆಚ್ಚು ನೀರು ನಿಲ್ಲಲೆಂದು ಕೋಡಿಗೆ ಮಣ್ಣು ಹಾಕಿ ಎತ್ತರಿಸಿದರೆ ಏರಿ ಹೇಗೆ ಒಡೆಯುತ್ತದೆ, ಕೋಡಿಯ ನೀರು ಹೋಗುವ ಕಾಲುವೆ ಮುಚ್ಚಿದರೆ ಕೆಳಗಿನ ಊರು ಹೇಗೆ ಮುಳುಗುತ್ತದೆ, ಎಲ್ಲವನ್ನೂ ಬರೆದು ಚಿತ್ರವನ್ನೂ ಬಿಡಿಸಿದ್ದ. ನಾನು ಐದಕ್ಕೆ ಎರಡು ಅಂಕ ಕೊಟ್ಟೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಪಠ್ಯದಲ್ಲಿಲ್ಲ' ಎಂದು ಬರೆದೆ. ಮರುವರ್ಷ ಆ ಹುಡುಗ ಶಾಲೆಗೆ ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ.

ಆಮೇಲಿನ ಮೂವತ್ತು ವರ್ಷಗಳ ಕತೆ ನಿಮ್ಮ ಕಣ್ಣೆದುರೇ ನಡೆದದ್ದು, ಬೇಗ ಹೇಳಿ ಮುಗಿಸುತ್ತೇನೆ. 1974ರಲ್ಲಿ ಕಾವೇರಿ ನೀರು ಊರಿಗೆ ಬಂದ ಮೇಲೆ ಕೆರೆ ಯಾರಿಗೂ ಬೇಡವಾಗತೊಡಗಿತ್ತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಶೂಲೆ ಕೆರೆಯ ಜಾಗದಲ್ಲಿ ಫುಟ್‌ಬಾಲ್ ಕ್ರೀಡಾಂಗಣ ಬಂತು. ಉಳಿದ ಕೆರೆಗಳಿಗೆ ಮಳೆನೀರಿನ ಬದಲು ಕೊಳಚೆ ಹರಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಚ್.ಎ.ಎಲ್. ದುರಸ್ತಿಗೆ ಬಂದ ಕ್ಯಾಟಲೀನಾ ವಿಮಾನಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯ ನೀರಿನ ಮೇಲೆ. ಅದೇ ಕೆರೆಯಲ್ಲಿ 2015, 2017 ಮತ್ತು 2018ರಲ್ಲಿ ಬೆಂಕಿ ಕಾಣಿಸಿಕೊಂಡಿತು. ವರ್ತೂರಿನ ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಅಂದು ನಾನು ಬಾಲ್ಯದ ಆ ದಡಕ್ಕೆ ಹೋಗಿ ನಿಂತಿದ್ದೆ. ಮೂಗು ಮುಚ್ಚಿಕೊಳ್ಳದೆ ನಿಲ್ಲಲು ಆಗಲಿಲ್ಲ.

ನೀರಿನಲ್ಲಿ ಕರಗಿದ ಆಮ್ಲಜನಕ ತೀರಿಹೋದಾಗ ಸಾಯುವುದು ಕಿವಿರಿನಿಂದ ಮಾತ್ರ ಉಸಿರಾಡುವ ಮೀನು. ಗಾಳಿ ಕುಡಿಯಬಲ್ಲ ಮೀಸೆಯ ಮೀನು ಉಳಿಯುತ್ತದೆ. ಹಾಗಾದರೆ ನಮ್ಮ ಮುರುಗೋಡು ಉಳಿಯಿತೇ? ಇಲ್ಲ, ಅದರ ಜಾಗಕ್ಕೆ ಬೇರೊಂದು ಬಂತು. 1990ರ ದಶಕದಲ್ಲಿ ಆಫ್ರಿಕದ ಕ್ಯಾಟ್‌ಫಿಶ್ ಬಾಂಗ್ಲಾದೇಶದ ಮೂಲಕ ಕದ್ದು ನಮ್ಮ ದೇಶಕ್ಕೆ ನುಸುಳಿತು. ಅದೂ ಮುರುಗೋಡಿನ ಕುಲದ್ದೇ, ಆದರೆ ಬಹುಬೇಗ ಬೆಳೆಯುತ್ತದೆ, ಎಷ್ಟೋ ಪಾಲು ದೊಡ್ಡದಾಗುತ್ತದೆ, ಸಿಕ್ಕ ಮೀನನ್ನೆಲ್ಲ ನುಂಗುತ್ತದೆ. ಕಸಾಯಿಖಾನೆಯ ತ್ಯಾಜ್ಯವನ್ನೇ ಮೇವಾಗಿ ಹಾಕಿ ಹೊಂಡಗಳಲ್ಲಿ ಸಾಕಿದರು. ಕೇಂದ್ರ ಸರ್ಕಾರ 2000ದಲ್ಲಿ ಅದರ ಸಾಕಣೆಯನ್ನು ನಿಷೇಧಿಸಿತು. ಆದರೆ ನಿಷೇಧದ ಆಜ್ಞೆಯನ್ನು ಮೀನು ಓದುವುದಿಲ್ಲವಲ್ಲ. ಮಳೆಗೆ ಹೊಂಡ ತುಂಬಿ ಹರಿದಾಗ ಅದು ಕಾಲುವೆಗೆ, ಕಾಲುವೆಯಿಂದ ಕೆರೆಗೆ, ಕೆರೆಯಿಂದ ನದಿಗೆ ಸೇರಿತು.

ಈಗ 2022ಕ್ಕೆ ಬರುತ್ತೇನೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಎರಡು ಸುದ್ದಿಗಳು ಒಟ್ಟಿಗೆ ಬಂದವು. ಒಂದು, ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ, 89 ವರ್ಷಗಳ ಮೇಲೆ ಕೋಡಿ ಹರಿದದ್ದು. ಅದನ್ನು ನೋಡಲು ಜನ ಜಾತ್ರೆಯಂತೆ ಸೇರಿದರು. ಇನ್ನೊಂದು, ಬೆಳ್ಳಂದೂರು, ಮಹದೇವಪುರ, ಹೊರವರ್ತುಲ ರಸ್ತೆಗಳೆಲ್ಲ ನೀರಿನಲ್ಲಿ ಮುಳುಗಿ, ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಗಿ ಬಂದದ್ದು. ಕೋಡಿಯ ನೀರು ಹೋಗುವ ಕಾಲುವೆ ಮುಚ್ಚಿದರೆ ಕೆಳಗಿನ ಊರು ಮುಳುಗುತ್ತದೆ ಎಂಬ ವಾಕ್ಯವನ್ನು ಟಿ.ವಿ.ಯಲ್ಲಿ ತಜ್ಞರೊಬ್ಬರು ಹೇಳಿದಾಗ, ಇದನ್ನು ಎಲ್ಲೋ ಓದಿದ್ದೇನಲ್ಲ ಎನಿಸಿತು. ಎಲ್ಲಿ ಎಂದು ನೆನಪಾದಾಗ ಆ ರಾತ್ರಿ ನಿದ್ದೆ ಬರಲಿಲ್ಲ. ಓದಿದ್ದು ಮಾತ್ರವಲ್ಲ, ಅದಕ್ಕೆ ಅಂಕವನ್ನೂ ಕಡಿದಿದ್ದೆ.

ಮಳೆ ನಿಂತ ಮೇಲೆ ಒಂದು ಭಾನುವಾರ ಹೊಸಕೋಟೆಯಲ್ಲಿರುವ ಬಂಧುಗಳ ಮನೆಗೆ ಹೊರಟಿದ್ದೆ. ಹಳೆ ಮದ್ರಾಸ್ ರಸ್ತೆಯಲ್ಲಿ, ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ನೀರು ಹರಿಯುವಲ್ಲಿ ಇಪ್ಪತ್ತು ಮೂವತ್ತು ಜನ ಗಾಳ ಬಿಟ್ಟು ಕುಳಿತಿದ್ದರು. ಕಾರು ನಿಲ್ಲಿಸಿ ಇಳಿದೆ. ಐವತ್ತರ ಸಮೀಪದ ಒಬ್ಬ ವ್ಯಕ್ತಿ ಎದ್ದು ನಿಂತು, "ನಮಸ್ಕಾರ ಮೇಷ್ಟ್ರೇ, ಗುರುತು ಸಿಕ್ಕಿತಾ?" ಎಂದ. ಹೆಸರು ಹೇಳಿದ ಮೇಲೆ ಸಿಕ್ಕಿತು. ಅವನೇ. ಈಗ ಸರಕು ಸಾಗಿಸುವ ಸ್ವಂತ ಟೆಂಪೋ ಇದೆ, ಮಗಳು ಡಿಗ್ರಿ ಓದುತ್ತಿದ್ದಾಳೆ ಎಂದ. ಕೋಲು ಪ್ಲಾಸ್ಟಿಕ್ಕಿನದು, ಕೊಕ್ಕೆಗೆ ಎರೆಹುಳುವಿನ ಬದಲು ಕೋಳಿಯ ಕರುಳು.

ಮಾತನಾಡುತ್ತಿದ್ದಂತೆಯೇ ದಾರ ಬಿಗಿಯಿತು. ಅವನು ಅವಸರಪಡದೆ ಎಳೆದು ದಡಕ್ಕೆ ಹಾಕಿದ್ದು ಮೊಳದುದ್ದದ ಮೀಸೆಯ ಮೀನು. "ಮುರುಗೋಡೇ?" ಎಂದೆ.

"ಅಲ್ಲ ಸಾರ್. ನೋಡಿ, ತಲೆ ಎಷ್ಟು ಅಗಲ. ಇದು ಆಫ್ರಿಕದ್ದು. ನಮ್ಮ ಮುರುಗೋಡು ನಾನು ನೋಡಿ ಹದಿನೈದು ವರ್ಷದ ಮೇಲಾಯ್ತು."

"ಮನೆಗೆ ಒಯ್ಯುತ್ತೀಯಾ?"

"ಈ ನೀರಿನ ಮೀನು ತಿನ್ನೋಕೆ ಮನಸ್ಸು ಬರಲ್ಲ ಸಾರ್. ಹಂಗಂತ ವಾಪಸ್ ಬಿಟ್ರೆ ಉಳಿದ ಮರಿಗಳನ್ನೂ ತಿಂದುಹಾಕುತ್ತೆ. ಕೊಂದು ತೆಂಗಿನ ಮರದ ಬುಡಕ್ಕೆ ಹಾಕ್ತೀನಿ."

"ಮತ್ತೆ ಏಕೆ ಬರುತ್ತೀಯಪ್ಪ?"

ಅವನು ಸ್ವಲ್ಪ ಹೊತ್ತು ಹರಿಯುವ ನೀರನ್ನೇ ನೋಡಿದ. "ಕೋಡಿ ಹೋದಾಗ ಅಪ್ಪ ಕರ್ಕೊಂಡು ಬರ್ತಿದ್ರು. ಕೋಡಿ ಹೋದ್ರೆ ಮನೇಲಿರೋಕೆ ಆಗಲ್ಲ ಸಾರ್."

ಆಗ ನಾನು ಆ ಪರೀಕ್ಷೆಯ ಮಾತೆತ್ತಿದೆ. ಐದಕ್ಕೆ ಎರಡು ಅಂಕ ಕೊಟ್ಟದ್ದು, 'ಪಠ್ಯದಲ್ಲಿಲ್ಲ' ಎಂದು ಬರೆದದ್ದು, ಅವನು ಬರೆದದ್ದೇ ಸರಿಯಾಗಿದ್ದದ್ದು, ಎಲ್ಲವನ್ನೂ ಹೇಳಿದೆ. ಅವನು ನಕ್ಕ. "ಮಾರ್ಕ್ಸ್ ನೆನಪಿಲ್ಲ ಸಾರ್. ಆಚೆ ನಿಲ್ಲಿಸಿದ್ದು ನೆನಪಿದೆ." ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. "ತಪ್ಪಾಯಿತಪ್ಪ" ಎಂದೆ. ನನ್ನ ಮೂವತ್ತೈದು ವರ್ಷದ ವೃತ್ತಿಯಲ್ಲಿ ವಿದ್ಯಾರ್ಥಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅವನು ಸಂಕೋಚಪಟ್ಟು, "ಬಿಡಿ ಸಾರ್" ಎಂದು ಕೊಕ್ಕೆಗೆ ಮತ್ತೆ ಕರುಳು ಸಿಕ್ಕಿಸತೊಡಗಿದ.

ಅಲಬಾಮಾದ ಶಿಷ್ಯನಿಗೆ ಈಗ ಉತ್ತರ ಹೇಳಬಹುದು. ನಮ್ಮಲ್ಲೂ ಅಣೆಕಟ್ಟು ಇತ್ತು, ನಿಮ್ಮಲ್ಲಿಗಿಂತ ಸಾವಿರ ವರ್ಷ ಹಳೆಯದು. ಅದರ ಕೆಳಗೆ ಕುಳಿತು ಗಾಳ ಹಾಕುವ ಜನವೂ ಇದ್ದರು, ಇಂದಿಗೂ ಇದ್ದಾರೆ. ಹಾಳಾದದ್ದು ನೀರು, ನೀರಿನ ಜೊತೆಗೆ ಮೀನೂ ಬದಲಾಯಿತು. ಕೆರೆಯ ಆರೋಗ್ಯ ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ, ಕೋಡಿಯ ಕೆಳಗೆ ಕುಳಿತವನ ಡಬ್ಬಿಯಲ್ಲಿ ಏನಿದೆ ನೋಡಿದರೆ ಸಾಕು. ಹಿಂದೆ ಆ ಡಬ್ಬಿ ಅಡುಗೆಮನೆಗೆ ಹೋಗುತ್ತಿತ್ತು, ಈಗ ತೆಂಗಿನ ಬುಡಕ್ಕೆ ಹೋಗುತ್ತದೆ. ನಮ್ಮ ಪೂರ್ವ ಬೆಂಗಳೂರಿನ ಐವತ್ತು ವರ್ಷಗಳ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ.

ನೀರಂತೂ ನಮ್ಮಲ್ಲಿಗೇ ನಿಲ್ಲುವುದಿಲ್ಲ. ವರ್ತೂರಿನಿಂದ ಪಿನಾಕಿನಿಗೆ ಸೇರಿದ್ದು ಗಡಿ ದಾಟಿ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿಗೆ ಹೋಗುತ್ತದೆ. ನಮ್ಮ ನೊರೆ ಅಲ್ಲಿಯೂ ಕಾಣಿಸಿಕೊಂಡಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹಾಯಿಸಲಾಗುತ್ತಿದೆ. ಬತ್ತಿದ್ದ ಕೆರೆಗಳಲ್ಲಿ ಅಲ್ಲಿ ಮತ್ತೆ ನೀರು ನಿಂತಿದೆ. ಆ ಕೋಡಿಗಳ ಕೆಳಗೂ ಯಾರೋ ಒಬ್ಬ ತಂದೆ ಮಗನನ್ನು ಕರೆದುಕೊಂಡು ಹೋಗುತ್ತಿರಬಹುದು. ಮರುದಿನ ಆ ಹುಡುಗ ಶಾಲೆಗೆ ತಡವಾಗಿ ಬಂದರೆ, ಮೇಷ್ಟ್ರುಗಳಾಗಿರುವ ನನ್ನ ಶಿಷ್ಯರು ಯಾರಾದರೂ ಆ ತರಗತಿಯಲ್ಲಿದ್ದರೆ, ಅವನನ್ನು ಒಳಗೆ ಕರೆದು, ಕರಿಹಲಗೆಯ ಮುಂದೆ ನಿಲ್ಲಿಸಿ, ಕೆರೆಯ ಪಾಠವನ್ನು ಅವನ ಬಾಯಿಂದಲೇ ಕೇಳಿರಿ.

ನಿಮ್ಮೂರಿನ ಕೆರೆ, ಅದರ ಕೋಡಿ, ಅಲ್ಲಿ ಸಿಗುತ್ತಿದ್ದ ಮೀನಿನ ಹೆಸರು ಯಾರಿಗಾದರೂ ನೆನಪಿದ್ದರೆ ಬರೆದು ತಿಳಿಸಿ. ಪಠ್ಯದಲ್ಲಿಲ್ಲದ್ದನ್ನೇ ಬರೆಯಿರಿ. ಈ ಬಾರಿ ಅಂಕ ಕಡಿಯುವುದಿಲ್ಲ.